ಕರೋನಾದ ಕಪ್ಪು ಕಂಡಿಗಳು

1930ರ ದಶಕದಲ್ಲಿ ಜರ್ಮನಿಯ ಭೂಭೌತವಿಜ್ಞಾನಿ ಜೂಲಿಯಸ್ ಬಾರ್ಟೆಲ್ಸ್ ಅವರನ್ನು ಒಂದು ಒಗಟು ಕಾಡಿತು. ಭೂಮಿಯ ಕಾಂತಕ್ಷೇತ್ರವನ್ನು ಕಲಕುವ ಕೆಲವು ಬಿರುಗಾಳಿಗಳು ಸುಮಾರು 27 ದಿನಕ್ಕೊಮ್ಮೆ, ಅಂದರೆ ಸೂರ್ಯ ನಮ್ಮೆದುರು ಒಂದು ಸುತ್ತು ತಿರುಗುವ ಹೊತ್ತಿಗೆ, ಮರಳಿ ಬರುತ್ತಿದ್ದವು. ಕಾರಣವೆನ್ನಲು ಸೂರ್ಯನ ಮೇಲೆ ಕಲೆಗಳೇ ಇರುತ್ತಿರಲಿಲ್ಲ. ಕಣ್ಣಿಗೆ ಬೀಳದ ಆ ತಾಣಗಳನ್ನು ಬಾರ್ಟೆಲ್ಸ್ ‘ಎಂ ಪ್ರದೇಶ’ಗಳೆಂದು ಕರೆದರು. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಮಾಕ್ಸ್ ವಾಲ್ಡ್‌ಮೈಯರ್ ಸೂರ್ಯನ ಹೊರ ವಾತಾವರಣವಾದ ಕರೋನಾದಲ್ಲಿ ಮಂಕಾದ ಜಾಗಗಳನ್ನು ಗುರುತಿಸಿ ಅವನ್ನು ರಂಧ್ರಗಳೆಂದರು. ಎರಡೂ ಒಂದೇ ಕಥೆಯ ತುದಿಗಳೆಂದು ತಿಳಿಯಲು ಇನ್ನೂ ಕಾಲ ಬೇಕಿತ್ತು.

ನಡುವಿನ ಕೊಂಡಿ ಸೌರಗಾಳಿ, ಅಂದರೆ ಸೂರ್ಯನಿಂದ ಹೊರಹರಿಯುವ ಪ್ಲಾಸ್ಮಾ. 1958ರಲ್ಲಿ ಖಭೌತವಿಜ್ಞಾನಿ ಯುಜೀನ್ ಪಾರ್ಕರ್ ಅದನ್ನು ಲೆಕ್ಕದಲ್ಲಿ ಕಂಡರು. 1962ರಲ್ಲಿ ಮ್ಯಾರಿನರ್-2 ನೌಕೆ ಅದನ್ನು ಅಳೆಯಿತು.

1973ರಲ್ಲಿ ವಿಜ್ಞಾನಿಗಳಾದ ಕ್ರೀಗರ್, ಟಿಮೊಥಿ ಮತ್ತು ರೋಲೋಫ್, ರಾಕೆಟ್ಟೊಂದು ತೆಗೆದಿದ್ದ ಕ್ಷ-ಕಿರಣ ಚಿತ್ರವನ್ನು ಮುಂದಿಟ್ಟುಕೊಂಡು ವೇಗದ ಸೌರಗಾಳಿಯ ಜಾಡನ್ನು ಹಿಂದಕ್ಕೆ ಹಿಡಿದರು. ಜಾಡು ಕರೋನಾ ರಂಧ್ರವೊಂದಕ್ಕೆ ಮುಟ್ಟಿತು: ಬಾರ್ಟೆಲ್ಸ್ ಅವರ ಎಂ ಪ್ರದೇಶಗಳು ಈ ರಂಧ್ರಗಳೇ. ಉಳಿದೆಡೆ ಕಾಂತರೇಖೆಗಳು ಕಮಾನಿನಂತೆ ಬಾಗಿ ಸೂರ್ಯನಿಗೇ ಮರಳಿ ಬಿಸಿ ಪ್ಲಾಸ್ಮಾವನ್ನು ಕೂಡಿಹಾಕುತ್ತವೆ. ರಂಧ್ರದಲ್ಲಿ ಅವು ಬಾಹ್ಯಾಕಾಶಕ್ಕೆ ತೆರೆದುಕೊಂಡಿವೆ. ಪ್ಲಾಸ್ಮಾ ಹೊರಗೆ ಹರಿದುಹೋಗುವುದರಿಂದಲೇ ಆ ಜಾಗ ತೆಳುವಾಗಿ, ಕಪ್ಪಾಗಿ ಕಾಣುತ್ತದೆ.

ಅದೇ ವರ್ಷ ಹಾರಿದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಹೊಸದೊಂದು ಸೋಜಿಗವನ್ನು ತಂದಿತು. ಸೂರ್ಯನ ಮೇಲ್ಮೈ ಸಮಭಾಜಕದ ಬಳಿ ಸುಮಾರು 25 ದಿನಕ್ಕೊಂದು ಸುತ್ತು ಹಾಕುತ್ತದೆ, ಧ್ರುವಗಳತ್ತ ಸರಿದಂತೆ ನಿಧಾನಿಸುತ್ತದೆ. ಹೀಗಿರುವಾಗ ಧ್ರುವದಿಂದ ಸಮಭಾಜಕದಾಚೆಗೂ ಚಾಚಿದ ರಂಧ್ರ ತಿರುಚಿಹೋಗಬೇಕಿತ್ತು. ಸ್ಕೈಲ್ಯಾಬ್ ಕಂಡ ಉದ್ದನೆಯ ರಂಧ್ರ ಮಾತ್ರ ಆಕಾರ ಕೆಡದೆ, ಗಟ್ಟಿ ವಸ್ತುವಿನಂತೆ ತಿರುಗಿತು! 1980ರ ದಶಕದ ಕೊನೆಗೆ ನ್ಯಾಶ್, ಶೀಲಿ ಮತ್ತು ವಾಂಗ್ ಕೊಟ್ಟ ಉತ್ತರ ಈ ಕ್ಷೇತ್ರದ ಅತ್ಯಂತ ಸುಂದರ ಒಳನೋಟಗಳಲ್ಲೊಂದು. ರಂಧ್ರದ ಗಡಿ ಮೇಲ್ಮೈಗೆ ಅಂಟಿಕೊಂಡಿಲ್ಲ. ಧ್ರುವಗಳ ಕಾಂತಕ್ಷೇತ್ರವೂ ಸೌರಕಲೆಗಳಿರುವ ಸಕ್ರಿಯ ಪ್ರದೇಶಗಳ ಕ್ಷೇತ್ರವೂ ಎತ್ತರದಲ್ಲಿ ಬೆರೆತು ಅದನ್ನು ನಿರ್ಧರಿಸುತ್ತವೆ. ಕೆಳಗೆ ರೇಖೆಗಳು ಕಡಿದು ಮರುಜೋಡಣೆಯಾಗುತ್ತ, ತೆರೆದದ್ದು ಮುಚ್ಚುತ್ತ, ಮುಚ್ಚಿದ್ದು ತೆರೆಯುತ್ತ ಇರುತ್ತವೆ.

ಧ್ರುವಗಳ ರಂಧ್ರಗಳ ಮೂಲವೂ ಸೌರಕಲೆಗಳೇ. ಕಲೆಗಳು ಚದುರಿದಾಗ ಉಳಿಯುವ ಕಾಂತಕ್ಷೇತ್ರದ ಒಂದು ಪಾಲು ಧ್ರುವಗಳತ್ತ ಸಾಗುತ್ತದೆ, ಅಲ್ಲಿನ ಹಳೆಯ ಕ್ಷೇತ್ರವನ್ನು ಅಳಿಸಿ ವಿರುದ್ಧ ಧ್ರುವತೆಯನ್ನು ಕಟ್ಟುತ್ತದೆ. ಹೀಗಾಗಿ ಸುಮಾರು 11 ವರ್ಷಗಳ ಸೌರಕಲೆ ಚಕ್ರದ ಗರಿಷ್ಠದಲ್ಲಿ ಈ ರಂಧ್ರಗಳು ಕರಗುತ್ತವೆ, ಕನಿಷ್ಠದಲ್ಲಿ ವಿಶಾಲವಾಗಿ ಹರಡುತ್ತವೆ. ಅಂಥ ಶಾಂತ ಕಾಲದಲ್ಲಿ, 1994-95ರಲ್ಲಿ, ಧ್ರುವಗಳ ಮೇಲೆ ಹಾದ ಯುಲಿಸಿಸ್ ನೌಕೆಗೆ ಸೆಕೆಂಡಿಗೆ ಸುಮಾರು 750 ಕಿಲೋಮೀಟರ್ ವೇಗದ ಗಾಳಿ ಎದುರಾಯಿತು.

ಆ ಗಾಳಿಗೆ ಅಷ್ಟು ವೇಗ ಎಲ್ಲಿಂದ ಬಂತು? ರಂಧ್ರಗಳ ತಳದಲ್ಲಿ ನಡೆಯುವ ಮರುಜೋಡಣೆಯತ್ತ ಪಾರ್ಕರ್ ಸೋಲಾರ್ ಪ್ರೋಬ್ ನೌಕೆಯ ಅಳತೆಗಳು 2023ರಲ್ಲಿ ಬೊಟ್ಟು ಮಾಡಿದವು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ರೂಪಿಸಿದ ಉಪಕರಣವನ್ನು ಹೊತ್ತ ಭಾರತದ ನೌಕೆ ಆದಿತ್ಯ-ಎಲ್1, 2024ರ ಜನವರಿಯಲ್ಲಿ ತನ್ನ ಕಕ್ಷೆ ಸೇರಿ ಕರೋನಾದ ಒಳವಲಯದತ್ತ ನೋಟ ನೆಟ್ಟಿದೆ. ಯುಲಿಸಿಸ್‌ನಲ್ಲಿ ಕ್ಯಾಮೆರಾ ಇರಲಿಲ್ಲ. ಆ ಕೊರತೆಯನ್ನು ಸೋಲಾರ್ ಆರ್ಬಿಟರ್ ನೌಕೆ ತುಂಬತೊಡಗಿದೆ: 2025ರ ಮಾರ್ಚ್‌ನಲ್ಲಿ ಸಮಭಾಜಕಕ್ಕಿಂತ 17 ಡಿಗ್ರಿ ಕೆಳಗಿನಿಂದ ಅದು ದಕ್ಷಿಣ ಧ್ರುವದ ಚಿತ್ರ ತೆಗೆಯಿತು. ಅಲ್ಲಿ ಎರಡೂ ಧ್ರುವತೆಗಳು ಕಲಬೆರಕೆಯಾಗಿದ್ದವು. ಅವುಗಳಲ್ಲೊಂದು ಮೇಲುಗೈ ಪಡೆದು ಹೊಸ ರಂಧ್ರವನ್ನು ಹೇಗೆ ಕಟ್ಟುತ್ತದೆಂಬುದನ್ನು ಇನ್ನು ಮುಂದಿನ ಸುತ್ತುಗಳಲ್ಲಿ ಅದು ದಾಖಲಿಸಬೇಕಿದೆ.