ದಿನಸಿ ವೆಚ್ಚಕ್ಕೆ ಕಡಿವಾಣ: ಊಟಕ್ಕೆ ಕತ್ತರಿ ಬೇಡ

ತಿಂಗಳ ಮೊದಲ ವಾರ ಬಂತೆಂದರೆ ಮಧ್ಯಮ ವರ್ಗದ ಮನೆಗಳಲ್ಲಿ ದಿನಸಿ ಚೀಟಿ ಸಿದ್ಧವಾಗುತ್ತದೆ. ಮನೆ ಬಾಡಿಗೆ, ಶಾಲಾ ಶುಲ್ಕ, ಸಾಲದ ಕಂತುಗಳನ್ನು ಮುಂದೂಡಲಾಗದು. ಹೀಗಾಗಿ ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಅಡುಗೆಮನೆಯ ಖರ್ಚಿಗೆ. ಹಾಲು ಅರ್ಧ ಲೀಟರ್ ಕಡಿಮೆಯಾಗುತ್ತದೆ, ಸಾರು ತೆಳುವಾಗುತ್ತದೆ, ಹಣ್ಣು ಹಬ್ಬಕ್ಕೆ ಮೀಸಲಾಗುತ್ತದೆ. ಬಿಸ್ಕತ್ತು, ಕುರುಕಲು ತಿಂಡಿಗಳು ಮಾತ್ರ ಚೀಟಿಯಲ್ಲಿ ಹಾಗೆಯೇ ಉಳಿದುಬಿಡುತ್ತವೆ. ಇದನ್ನು ಉಳಿತಾಯ ಎನ್ನಲಾಗದು. ಮಕ್ಕಳ ತಟ್ಟೆಯನ್ನು ಬಡವಾಗಿಸದೆ ವೆಚ್ಚ ತಗ್ಗಿಸುವ ದಾರಿಗಳು ಬೇರೆಯೇ ಇವೆ.

ಹಣ ಹೋಗುವುದೆಲ್ಲಿ?

ಕೇಂದ್ರ ಸರ್ಕಾರ ನಡೆಸಿದ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ, ದೇಶದ ನಗರವಾಸಿಗಳ ಮಾಸಿಕ ಬಳಕೆ ವೆಚ್ಚದಲ್ಲಿ ಆಹಾರದ ಪಾಲು ಸುಮಾರು ಶೇ. 40. ಈ ಪೈಕಿ ಅತಿ ದೊಡ್ಡ ಬಾಬ್ತು ಅಕ್ಕಿಯೂ ಅಲ್ಲ, ಹಾಲೂ ಅಲ್ಲ. ಪಾನೀಯ, ಸಿದ್ಧ ತಿಂಡಿ ಹಾಗೂ ಸಂಸ್ಕರಿತ ಆಹಾರಕ್ಕೇ ಒಟ್ಟು ವೆಚ್ಚದ ಶೇ. 11ರಷ್ಟು ಹೋಗುತ್ತದೆ. ಚೀಟಿಯನ್ನು ಕಿರಿದಾಗಿಸಬೇಕೆಂದರೆ ಮೊದಲು ಕಣ್ಣು ಹಾಯಿಸಬೇಕಾದ ಜಾಗ ಇದೇ.

ಎರಡನೆಯದು ಎಣ್ಣೆ. ದಿನಕ್ಕೆ 2,000 ಕ್ಯಾಲೊರಿ ಸೇವಿಸುವ ವ್ಯಕ್ತಿಗೆ ಎಣ್ಣೆ-ತುಪ್ಪ ಎರಡೂ ಸೇರಿ 27 ಗ್ರಾಂ ಸಾಕು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ. ಈ ಲೆಕ್ಕದಲ್ಲಿ ನಾಲ್ವರು ವಯಸ್ಕರ ಮನೆಗೆ ತಿಂಗಳಿಗೆ ಬೇಕಾಗುವುದು 3,240 ಗ್ರಾಂ, ಅಂದರೆ ಸುಮಾರು ಮೂರೂವರೆ ಲೀಟರ್. ಐದು ಲೀಟರ್ ಕೊಳ್ಳುವ ಕುಟುಂಬ ಹಣವನ್ನೂ ಆರೋಗ್ಯವನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಿದೆ ಎಂದರ್ಥ. ಇದೇ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ, 300 ಮಿ.ಲೀ. ಹಾಲು ಬೇಕೆನ್ನುತ್ತದೆ. ಅಲ್ಲಿ ಕಡಿತ ಸಲ್ಲದು.

ಪೊಟ್ಟಣದ ಸಣ್ಣ ಅಕ್ಷರ

ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಎಂಬ ನಂಬಿಕೆ ಸರಿಯಲ್ಲ. ಪೊಟ್ಟಣ ಸರಕುಗಳ ನಿಯಮಕ್ಕೆ 2021ರಲ್ಲಿ ಪ್ರಕಟವಾದ ತಿದ್ದುಪಡಿಯು, ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಬಿಡಿ ಅಳತೆಯ ಬೆಲೆಯನ್ನೂ ಮುದ್ರಿಸುವ ಕ್ರಮವನ್ನು ತಂದಿತು. ಒಂದು ಕಿಲೋಗಿಂತ ಕಡಿಮೆ ತೂಕದ ಪೊಟ್ಟಣದಲ್ಲಿ ಇದು ಗ್ರಾಂ ಲೆಕ್ಕದಲ್ಲಿಯೂ, ಹೆಚ್ಚಿದ್ದರೆ ಕಿಲೋ ಲೆಕ್ಕದಲ್ಲಿಯೂ ಇರುತ್ತದೆ. ಗ್ರಾಂ ಬೆಲೆಯನ್ನು ಸಾವಿರದಿಂದ ಗುಣಿಸಿದರೆ ಕಿಲೋ ಬೆಲೆ ಸಿಗುತ್ತದೆ. ಉದಾಹರಣೆಗೆ, ಅರ್ಧ ಕಿಲೋ ಉದ್ದಿನಬೇಳೆಗೆ ಗ್ರಾಂಗೆ 18 ಪೈಸೆ ಎಂದಿದ್ದರೆ ಕಿಲೋಗೆ 180 ರೂಪಾಯಿ. ಎರಡು ಕಿಲೋ ಪೊಟ್ಟಣದ ಮೇಲೆ 185 ರೂಪಾಯಿ ಎಂದಿದ್ದರೆ ಚಿಕ್ಕದೇ ಲಾಭ.

ಅದೇ ತಿದ್ದುಪಡಿ ನಿಗದಿತ ತೂಕಗಳ ಕಡ್ಡಾಯವನ್ನು ತೆಗೆದುಹಾಕಿತು. ಆದ್ದರಿಂದ ಎಣ್ಣೆ ಕೊಳ್ಳುವಾಗ ತೂಕ ಓದುವುದು ಅಗತ್ಯ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅದೇ ಗಾತ್ರದಂತೆ ಕಾಣುವ ಪೊಟ್ಟಣದಲ್ಲಿ 850 ಗ್ರಾಂ ಮಾತ್ರ ಇರಬಹುದು. ಮುದ್ರಿತ ಬೆಲೆಗಿಂತ ಹೆಚ್ಚು ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಉಚಿತವಾಗಿ ಕರೆ ಮಾಡಿ ದೂರು ನೀಡಬಹುದು.

ತೆರಿಗೆಯ ಲೆಕ್ಕವೂ ತಿಳಿದಿರಲಿ. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟುಗಳಿಗೆ ಶೇ. 5 ಜಿಎಸ್‌ಟಿ ಜಾರಿಗೆ ಬಂತು. ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಟ್ಟರೆ ಈ ತೆರಿಗೆಯಿಲ್ಲ. 25 ಕಿಲೋ ಮೀರಿದ ಚೀಲಕ್ಕೂ ಇಲ್ಲ. ಮಾರುಕಟ್ಟೆಗೆ 26 ಕಿಲೋ ಅಕ್ಕಿ ಚೀಲ ಬಂದುದರ ಗುಟ್ಟು ಇದೇ.

ಸುಗ್ಗಿ ನೋಡಿ ಖರೀದಿ

ವರ್ಷಕ್ಕಾಗುವಷ್ಟು ಸಾಮಾನು ಒಮ್ಮೆಲೇ ತಂದು ಬಿಸಿಲಿಗೆ ಹಾಕಿ ಡಬ್ಬಿ ತುಂಬುವುದು ಹಿಂದಿನವರ ಪದ್ಧತಿ. ಕಲಬುರಗಿ ಭಾಗದ ಹೊಸ ತೊಗರಿ ಡಿಸೆಂಬರ್ ನಂತರ ಮಾರುಕಟ್ಟೆಗೆ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಆವಕ ಜನವರಿಯಿಂದ ಬೇಸಿಗೆಯವರೆಗೆ ಜೋರಾಗಿರುತ್ತದೆ. ಹುಣಸೆ ಹಣ್ಣಿನ ಕಾಲ ಫೆಬ್ರುವರಿಯಿಂದ ಏಪ್ರಿಲ್. ಮನೆಯಲ್ಲಿ ಜಾಗ ಕಡಿಮೆಯಿದ್ದರೆ ಅಕ್ಕಪಕ್ಕದ ಎರಡು-ಮೂರು ಮನೆಯವರು ಸೇರಿ ಸಗಟು ಅಂಗಡಿಯಿಂದ ತಂದು ಹಂಚಿಕೊಳ್ಳಬಹುದು.

ತರಕಾರಿಯಲ್ಲಿ ಹಟ ಬೇಡ. 2023ರ ಜುಲೈನಲ್ಲಿ ಬೆಂಗಳೂರಿನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತ್ತು. 2019ರ ಡಿಸೆಂಬರ್‌ನಲ್ಲಿ ಈರುಳ್ಳಿ ಇನ್ನೂರು ಮುಟ್ಟಿತ್ತು. ಅಂತಹ ದಿನಗಳಲ್ಲಿ ಹುಣಸೆ ರಸದ ಸಾರು, ನಿಂಬೆಹುಳಿ, ಕರಾವಳಿಯ ಪುನರ್ಪುಳಿ ಕೈಹಿಡಿಯುತ್ತವೆ. 1959ರಲ್ಲಿ ಆರಂಭವಾದ ಹಾಪ್‌ಕಾಮ್ಸ್‌ನ ದರಪಟ್ಟಿಯನ್ನು ನೋಡಿಕೊಂಡು ಹೊರಟರೆ, ಸಂತೆಯಲ್ಲಿ ಚೌಕಾಸಿಗೂ ಒಂದು ಆಧಾರ ಸಿಗುತ್ತದೆ.

ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತಲುಪಿಸುವ ಆ್ಯಪ್‌ಗಳಲ್ಲಿ ಸಾಗಣೆ, ನಿರ್ವಹಣೆ, ಸಣ್ಣ ಆರ್ಡರ್ ಎಂದು ಶುಲ್ಕಗಳು ಸೇರಿಕೊಳ್ಳಬಹುದು. ಒಂದು ಕಟ್ಟು ಕೊತ್ತಂಬರಿಗಾಗಿ ಆರ್ಡರ್ ಮಾಡುವ ಮುನ್ನ ಅಂತಿಮ ಮೊತ್ತ ಗಮನಿಸಿ.

ಹಾಳಾಗದಂತೆ ಕಾಪಾಡಿ

ಕಸದ ಬುಟ್ಟಿಗೆ ಬೀಳುವ ಆಹಾರಕ್ಕಿಂತ ದುಬಾರಿ ಆಹಾರವಿಲ್ಲ. ಅನುಸರಿಸಬಹುದಾದ ಕೆಲವು ಕ್ರಮಗಳು:

* ಈರುಳ್ಳಿ, ಆಲೂಗಡ್ಡೆಗಳನ್ನು ಒಂದೇ ಬುಟ್ಟಿಯಲ್ಲಿಡಬೇಡಿ. ಎರಡೂ ಬೇಗ ಕೆಡುತ್ತವೆ.
* ಬೇಳೆಯನ್ನು ಬಿಸಿಲಿಗೆ ಹಾಕಿ, ಆರಿದ ನಂತರ ತುಂಬಿಡಿ. ತೊಗರಿಬೇಳೆಗೆ ಹರಳೆಣ್ಣೆ ಸವರುವ ರೂಢಿಯೂ ಇದೆ.
* ಸೊಪ್ಪನ್ನು ತೇವ ಆರಿಸಿ, ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ.
* 'ಬೆಸ್ಟ್ ಬಿಫೋರ್' ದಿನಾಂಕ ಗುಣಮಟ್ಟಕ್ಕೆ ಸಂಬಂಧಿಸಿದ್ದು. 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ದಿನಾಂಕ ಮೀರಿದ್ದನ್ನು ಮಾತ್ರ ಬಳಸಲೇಬಾರದು.

ಮೂರು ತಿಂಗಳ ಬಿಲ್ಲುಗಳನ್ನು ಜೋಪಾನವಾಗಿಟ್ಟು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಹಣ ಸೋರುವ ಜಾಗ ಯಾವುದೆಂದು ಮನೆಯವರಿಗೇ ತಿಳಿಯುತ್ತದೆ. ಮುಂದಿನ ಚೀಟಿ ಬರೆಯುವ ಮುನ್ನ ಡಬ್ಬಿಗಳ ಮುಚ್ಚಳ ತೆರೆದು, ಏನು ಉಳಿದಿದೆಯೆಂದು ನೋಡಿ. ಇರುವುದನ್ನೇ ಮತ್ತೆ ತರುವುದು ತಪ್ಪಿದರೆ, ಆ ಹಣದಲ್ಲಿ ಮಕ್ಕಳಿಗೆ ವಾರವಿಡೀ ಬಾಳೆಹಣ್ಣು ತರಬಹುದು.