ತಾಷ್ಕೆಂಟಿನ ಪ್ರೇಕ್ಷಣೀಯ ಸ್ಥಳಗಳು: ಒಂದು ಚಾರಿತ್ರಿಕ ಅವಲೋಕನ

ಉಜ್ಬೇಕಿಸ್ತಾನದ ರಾಜಧಾನಿಯಾದ ತಾಷ್ಕೆಂಟ್ ನಗರವು ಭಾರತೀಯ ವಾಚಕರಿಗೆ ಅಪರಿಚಿತವಾದುದಲ್ಲ. 1966ನೆಯ ಜನವರಿ 10ರಂದು ಭಾರತ ಪಾಕಿಸ್ತಾನಗಳು ಒಪ್ಪಂದಕ್ಕೆ ಅಂಕಿತ ಹಾಕಿದುದೂ, ಮರುದಿನ ಬೆಳಗಾಗುವ ಮುನ್ನವೇ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಗಳು ದಿವಂಗತರಾದುದೂ ಇಲ್ಲಿಯೇ. ಅವರ ಹೆಸರಿನ ಬೀದಿಯೂ ಅವರ ಪ್ರತಿಮೆಯೂ ಅಲ್ಲಿವೆ. ಆದರೆ ಶಾಸ್ತ್ರಿಗಳು ಕಂಡ ತಾಷ್ಕೆಂಟನ್ನು ಇಂದಿನ ಪ್ರವಾಸಿಯು ಬಹುಮಟ್ಟಿಗೆ ಕಾಣಲಾರನು. ಹಾಗಾದರೆ ಅವನು ಕಾಣುವುದು ಯಾವ ಕಾಲದ ನಗರವನ್ನು? ಈ ಪ್ರಶ್ನೆಯನ್ನೇ ನಾವಿಲ್ಲಿ ವಿಚಾರಿಸಹೊರಟಿದ್ದೇವೆ.

ತಾಷ್ಕೆಂಟ್ ಎಂದರೆ ಕಲ್ಲಿನ ಊರು ಎಂದರ್ಥ. ಆದರೆ ಅದರ ಹಳೆಯ ಮನೆಗಳು ಹೆಚ್ಚಾಗಿ ಮಣ್ಣಿನವು, ಹಸಿ ಇಟ್ಟಿಗೆಯವು. 1865ರಲ್ಲಿ ರಷ್ಯನ್ ಸೈನ್ಯವು ನಗರವನ್ನು ಗೆದ್ದ ಮೇಲೆ, ಅಂಕೋರ್ ಕಾಲುವೆಯ ಒಂದು ಮಗ್ಗುಲಲ್ಲಿ ಹಳೆಯ ಊರು ಉಳಿಯಿತು. ಇನ್ನೊಂದು ಮಗ್ಗುಲಲ್ಲಿ ಸಾಲುಮರಗಳ ನೇರ ಬೀದಿಗಳುಳ್ಳ ಹೊಸ ಊರು ಬೆಳೆಯಿತು. 1966ನೆಯ ಏಪ್ರಿಲ್ 26ರ ಮುಂಜಾನೆ 5 ಗಂಟೆ 23 ನಿಮಿಷಕ್ಕೆ ಸಂಭವಿಸಿದ ಭೂಕಂಪದ ಕೇಂದ್ರವು ನಗರದ ನಡುಭಾಗದ ಕೆಳಗೇ, ಅಲ್ಪ ಆಳದಲ್ಲಿದ್ದುದರಿಂದ, ಸುಮಾರು 3 ಲಕ್ಷ ಜನರು ನಿರ್ವಸತಿಗರಾದರು. 1976ರಲ್ಲಿ ಸ್ಥಾಪಿತವಾದ ಸ್ಮಾರಕದಲ್ಲಿ, ಬಿರುಕುಬಿಟ್ಟ ಶಿಲಾಘನವೊಂದರ ಮೇಲೆ ಆ ಕ್ಷಣವು ಗಡಿಯಾರದ ರೂಪದಲ್ಲಿ ಅಂಕಿತವಾಗಿದೆ. ಆದರೆ ಹಳೆಯ ಕೇರಿಗಳ ನಾಶವನ್ನೆಲ್ಲ ಭೂಕಂಪದ ಮೇಲೆಯೇ ಹೊರಿಸುವುದು ಸರಿಯಲ್ಲ. ನಗರವನ್ನು ಹೊಸದಾಗಿ ಕಟ್ಟುವ ಯೋಜನೆಗಳು ಅದಕ್ಕೆ ಮೊದಲೇ ಸಿದ್ಧವಾಗಿದ್ದುವು; ಭೂಕಂಪವು ಅವುಗಳಿಗೆ ದಾರಿಮಾಡಿಕೊಟ್ಟಿತು.

ಹಳೆಯ ಊರಿನಲ್ಲಿ ಉಳಿದುಬಂದ ಕಟ್ಟಡಗಳಾದರೂ ಒಂದೇ ಸ್ಥಿತಿಯಲ್ಲಿ ನಿಂತುವಲ್ಲ. ಚಾರ್ಸು ಪೇಟೆಯ ಬಳಿಯ ಕುಕೆಲ್ದಾಷ್ ಮದರಸವು 16ನೆಯ ಶತಮಾನದ ವಿದ್ಯಾಲಯ. 18ನೆಯ ಶತಮಾನದಲ್ಲಿ ಅದು ವರ್ತಕರು ತಂಗುವ ಸರಾಯಿಯಾಯಿತು, ಮುಂದೆ ಕೋಟೆಯಾಯಿತು, ಸೋವಿಯತ್ ಕಾಲದಲ್ಲಿ ವಸ್ತುಸಂಗ್ರಹಾಲಯವಾಯಿತು, ಸ್ವಾತಂತ್ರ್ಯಾನಂತರ ಪುನಃ ವಿದ್ಯಾಲಯವಾಯಿತು. ಹಸ್ರತಿ ಇಮಾಮ್ ಆವರಣದಲ್ಲಿ ಬಹುಕಾಲ ಇರಿಸಲ್ಪಟ್ಟಿದ್ದ, ಖಲೀಫ ಉಸ್ಮಾನನದೆನ್ನಲಾದ ಕುರಾನಿನ ಚರ್ಮಪತ್ರ ಪ್ರತಿಯೂ ಹೀಗೆಯೇ ಅಲೆದಾಡಿದುದು. ಸಮರ್ಖಂದದಲ್ಲಿದ್ದ ಅದನ್ನು 1869ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಒಯ್ಯಲಾಯಿತು. ಕ್ರಾಂತಿಯ ತರುವಾಯ, 1920ರ ದಶಕದಲ್ಲಿ, ಅದು ತಾಷ್ಕೆಂಟಿಗೆ ಬಂದಿತು. ಕ್ರಿ.ಶ. 656ರಲ್ಲಿ ಖಲೀಫನು ಹತನಾದಾಗ ಓದುತ್ತಿದ್ದುದು ಇದನ್ನೇ ಎಂಬುದು ಐತಿಹ್ಯ. ಲಿಪಿಯ ಲಕ್ಷಣಗಳಿಂದ ವಿದ್ವಾಂಸರು ಅದನ್ನು ಸುಮಾರು 8ನೆಯ ಶತಮಾನದ್ದೆಂದು ನಿರ್ಣಯಿಸುತ್ತಾರೆ. ಇದರಿಂದ ಗ್ರಂಥದ ಮಹತ್ತ್ವಕ್ಕೆ ಕುಂದೇನೂ ಬಾರದು. ಜನರ ಶ್ರದ್ಧೆಯೂ ಚರಿತ್ರೆಯ ಒಂದು ಸಂಗತಿಯೇ ಆಗಿದೆ.

ನಗರದ ಮಧ್ಯದಲ್ಲಿರುವ ಅಮೀರ್ ತೈಮೂರ್ ಚೌಕವು ನಮ್ಮ ವಿಚಾರಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ. ಇಲ್ಲಿ 1913ರಲ್ಲಿ ತುರ್ಕಿಸ್ತಾನದ ಮೊದಲ ಗವರ್ನರ್ ಜನರಲ್ ಕೌಫ್‌ಮನ್ನನ ಸ್ಮಾರಕವನ್ನು ಸ್ಥಾಪಿಸಿದರು. ಕ್ರಾಂತಿಯ ಬಳಿಕ ಅದನ್ನು ತೆಗೆದರು. ಕಾಲಾನಂತರ ಸ್ಟಾಲಿನ್ ಬಂದನು, 1968ರಲ್ಲಿ ಮಾರ್ಕ್ಸ್ ಬಂದನು, 1993ರಲ್ಲಿ ಅಶ್ವಾರೂಢನಾದ ತೈಮೂರನು ಬಂದನು. ಪ್ರತಿಮೆಗಳು ಬದಲಾದಾಗಲೆಲ್ಲ ನೆರಳಿತ್ತ ಚಿನಾರ್ ಮರಗಳನ್ನೂ 2009ರಲ್ಲಿ ಕಡಿದುಹಾಕಿದರು. ಅಂತೆಯೇ ಸ್ವಾತಂತ್ರ್ಯ ಚೌಕದಲ್ಲಿ ಲೆನಿನ್ ಪ್ರತಿಮೆಯನ್ನು ಇಳಿಸಿ, ಅದೇ ಪೀಠದ ಮೇಲೆ 1992ರಲ್ಲಿ ಭೂಗೋಳವೊಂದನ್ನು ಇರಿಸಲಾಯಿತು. ಆ ಗೋಳದ ಮೇಲೆ ಎದ್ದುಕಾಣುವುದು ಉಜ್ಬೇಕಿಸ್ತಾನವೊಂದೇ.

ಮೇಲ್ಕಂಡ ಸಂಗತಿಗಳಿಂದ ಒಂದಂಶವು ವಿಶದವಾಗುತ್ತದೆ. ಸ್ಮಾರಕವು ತಾನು ಯಾರನ್ನು ನೆನಪಿಗೆ ತರುತ್ತದೆಯೋ ಅವರಿಗಿಂತ ಹೆಚ್ಚಾಗಿ, ತನ್ನನ್ನು ನಿಲ್ಲಿಸಿದವರ ಕಾಲಕ್ಕೆ ಸಾಕ್ಷಿಯಾಗಿರುತ್ತದೆ. 14ನೆಯ ಶತಮಾನದ ತೈಮೂರನ ಪ್ರತಿಮೆಯು 20ನೆಯ ಶತಮಾನದ ಕೊನೆಯ ದಶಕದ ದಾಖಲೆ. ಆದುದರಿಂದ ಪ್ರೇಕ್ಷಣೀಯ ಸ್ಥಳದ ಮುಂದೆ ನಿಂತ ಚರಿತ್ರೆಯ ವಿದ್ಯಾರ್ಥಿಯು ಇಲ್ಲಿ ಏನಿದೆ ಎಂದಷ್ಟೇ ಕೇಳಿದರೆ ಸಾಲದು. ಇದಕ್ಕೆ ಮೊದಲು ಇಲ್ಲಿ ಏನಿತ್ತು, ಅದನ್ನು ತೆಗೆದವರಾರು, ಏತಕ್ಕಾಗಿ ತೆಗೆದರು ಎಂಬುದನ್ನೂ ಕೇಳಬೇಕು. ತಾಷ್ಕೆಂಟಿನಲ್ಲಿ ಪೀಠಗಳು ಮಾತ್ರ ಹಳೆಯವು. ಅವುಗಳ ಮೇಲೆ ಇಲ್ಲದುದನ್ನು ಓದಬಲ್ಲವನಿಗೇ ಆ ನಗರದ ಚರಿತ್ರೆಯು ದಕ್ಕುತ್ತದೆ.