ವಿದ್ಯುತ್ ಜಾಲದ ನಿಯಂತ್ರಣ ಉಪಕರಣಗಳಲ್ಲಿನ ತಂತ್ರಾಂಶ ದೌರ್ಬಲ್ಯಗಳು

ವಿದ್ಯುತ್ ಜಾಲದ ನಿಯಂತ್ರಣ ಉಪಕರಣಗಳಲ್ಲಿನ ತಂತ್ರಾಂಶ ದೌರ್ಬಲ್ಯಗಳು ಎಂದರೆ ವಿದ್ಯುತ್ತಿನ ಉತ್ಪಾದನೆ, ಪ್ರಸರಣ ಮತ್ತು ವಿತರಣೆಯನ್ನು ನಿಯಂತ್ರಿಸುವ ಗಣಕಾಧಾರಿತ ಸಾಧನಗಳ ತಂತ್ರಾಂಶದಲ್ಲಿ ಅಥವಾ ಅವುಗಳ ಸಂವಹನ ವಿಧಾನದಲ್ಲಿ ಇರುವ ಭದ್ರತಾ ಕೊರತೆಗಳು. ಇವುಗಳನ್ನು ಬಳಸಿಕೊಂಡು ಅನಧಿಕೃತ ವ್ಯಕ್ತಿಗಳು ಉಪಕರಣವನ್ನು ಸ್ಥಗಿತಗೊಳಿಸಬಹುದು, ನಿರ್ವಾಹಕರಿಗೆ ತಪ್ಪು ಮಾಹಿತಿ ತೋರಿಸಬಹುದು ಅಥವಾ ವಿದ್ಯುತ್ ಪೂರೈಕೆಯನ್ನೇ ಕಡಿತಗೊಳಿಸಬಹುದು. ಕಚೇರಿಯ ಗಣಕಯಂತ್ರದ ಮೇಲಿನ ದಾಳಿಯಿಂದ ಸಾಮಾನ್ಯವಾಗಿ ಮಾಹಿತಿ ನಷ್ಟವಾಗುತ್ತದೆ. ವಿದ್ಯುತ್ ಜಾಲದ ಮೇಲಿನ ದಾಳಿಯಿಂದ ಯಂತ್ರಗಳು ಹಾಳಾಗುವ, ಆಸ್ಪತ್ರೆ ಹಾಗೂ ಕುಡಿಯುವ ನೀರಿನ ವ್ಯವಸ್ಥೆಗಳು ನಿಂತುಹೋಗುವ ಸಂಭವವಿರುತ್ತದೆ. ಇಂತಹ ದಾಳಿಯಿಂದ ವಿದ್ಯುತ್ ಕಡಿತಗೊಂಡುದು ಖಚಿತಪಟ್ಟ ಪ್ರಮುಖ ಪ್ರಕರಣಗಳು 2015 ಮತ್ತು 2016ರಲ್ಲಿ ಉಕ್ರೇನಿನಲ್ಲಿ ನಡೆದವು.

ನಿಯಂತ್ರಣ ವ್ಯವಸ್ಥೆಯ ಸ್ವರೂಪ

ವಿದ್ಯುತ್ತನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡುವುದು ಕಷ್ಟ. ಆದ್ದರಿಂದ ಉತ್ಪಾದನೆಯೂ ಬಳಕೆಯೂ ಪ್ರತಿಕ್ಷಣ ಸರಿದೂಗಬೇಕಾಗುತ್ತದೆ. ದೂರದ ಉಪಕೇಂದ್ರಗಳ ವೋಲ್ಟೇಜ್, ವಿದ್ಯುತ್ ಪ್ರವಾಹ ಮೊದಲಾದ ವಿವರಗಳನ್ನು ನಿಯಂತ್ರಣ ಕೊಠಡಿಗೆ ತಲುಪಿಸುವ ಮತ್ತು ಅಲ್ಲಿಂದ ಆದೇಶಗಳನ್ನು ಉಪಕೇಂದ್ರಗಳಿಗೆ ಒಯ್ಯುವ ವ್ಯವಸ್ಥೆಗೆ ಸ್ಕಾಡಾ ಎಂದು ಹೆಸರು. ಉಪಕೇಂದ್ರದಲ್ಲಿರುವ ಆರ್‌ಟಿಯು ಎಂಬ ಸಾಧನವು ಈ ಆದೇಶವನ್ನು ಸ್ವೀಕರಿಸಿ ಸರ್ಕ್ಯೂಟ್ ಬ್ರೇಕರ್‌ಗಳನ್ನು ತೆರೆಯುತ್ತದೆ ಇಲ್ಲವೇ ಮುಚ್ಚುತ್ತದೆ.

ಇದರ ಜೊತೆಗೆ ಪ್ರತಿ ಉಪಕೇಂದ್ರದಲ್ಲಿಯೂ ರಕ್ಷಣಾ ರಿಲೇಗಳಿರುತ್ತವೆ. ಮಾರ್ಗದಲ್ಲಿ ಶಾರ್ಟ್ ಸರ್ಕ್ಯೂಟ್ ಆದೊಡನೆ ಬ್ರೇಕರ್ ತೆರೆಯುವಂತೆ ಸೂಚಿಸಿ ಟ್ರಾನ್ಸ್‌ಫಾರ್ಮರ್ ಮತ್ತು ತಂತಿಗಳನ್ನು ಕಾಪಾಡುವುದು ಇವುಗಳ ಕೆಲಸ. ಹಿಂದಿನ ರಿಲೇಗಳು ಕೇವಲ ವಿದ್ಯುತ್ಕಾಂತೀಯ ಯಂತ್ರಗಳಾಗಿದ್ದವು. ಇಂದಿನವು ಸ್ವಂತ ತಂತ್ರಾಂಶವನ್ನು ಹೊಂದಿ ಜಾಲಕ್ಕೆ ಜೋಡಿಸಲ್ಪಟ್ಟ ಪುಟ್ಟ ಗಣಕಯಂತ್ರಗಳೇ ಆಗಿವೆ.

ದೌರ್ಬಲ್ಯಗಳ ಮೂಲ

ಈ ಉಪಕರಣಗಳು ಒಂದರೊಡನೊಂದು ಮಾತನಾಡಲು ನಿಗದಿಯಾದ ಸಂವಹನ ನಿಯಮಗಳಿಗೆ ಪ್ರೋಟೊಕಾಲ್ ಎನ್ನುತ್ತಾರೆ. ಕೈಗಾರಿಕೆಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಮಾಡ್‌ಬಸ್ 1979ರಲ್ಲಿಯೂ ವಿದ್ಯುತ್ ವಲಯದ ಡಿಎನ್‌ಪಿ3 1990ರ ದಶಕದಲ್ಲಿಯೂ ರೂಪುಗೊಂಡವು. ಆಗ ಈ ಜಾಲಗಳು ಹೊರಜಗತ್ತಿನಿಂದ ಪ್ರತ್ಯೇಕವಾಗಿದ್ದುದರಿಂದ, ಆದೇಶ ಕಳುಹಿಸುತ್ತಿರುವವರು ಯಾರು ಎಂದು ಪರಿಶೀಲಿಸುವ ಏರ್ಪಾಡನ್ನು ಮೂಲ ರೂಪದಲ್ಲಿ ಅಳವಡಿಸಲಿಲ್ಲ. ಸರಿಯಾದ ರೂಪದಲ್ಲಿ ಬಂದ ಆದೇಶವನ್ನು ಉಪಕರಣವು ಪ್ರಶ್ನಿಸದೆ ಪಾಲಿಸುತ್ತದೆ. ಮುಂದೆ ವಿದ್ಯುತ್ ಕಂಪನಿಗಳ ಕಚೇರಿ ಜಾಲಗಳು ನಿಯಂತ್ರಣ ಜಾಲಗಳೊಡನೆ ಬೆಸೆದುಕೊಂಡಾಗ ಈ ವಿಶ್ವಾಸವೇ ಅಪಾಯಕ್ಕೆ ದಾರಿಯಾಯಿತು.

ಆದ್ದರಿಂದ ದೌರ್ಬಲ್ಯಗಳನ್ನು ಎರಡು ಬಗೆಯಾಗಿ ಗುರುತಿಸಬಹುದು. ಮೊದಲನೆಯದು ತಂತ್ರಾಂಶ ಬರೆಯುವಾಗ ಉಳಿದ ದೋಷ. ಇದನ್ನು ತಯಾರಕರು ತಿದ್ದುಪಡಿಯ ಮೂಲಕ ಸರಿಪಡಿಸಬಹುದು. ಎರಡನೆಯದು ವಿನ್ಯಾಸದಲ್ಲಿಯೇ ಅಡಗಿರುವ ಕೊರತೆ. ಇಲ್ಲಿ ಉಪಕರಣವು ತನಗೆ ವಿಧಿಸಿದ ಕೆಲಸವನ್ನೇ ಮಾಡುತ್ತದೆ, ಆದರೆ ಅನ್ಯರ ಮಾತಿಗೆ ಮಾಡುತ್ತದೆ. ಒಂದು ತಿದ್ದುಪಡಿಯಿಂದ ಇದು ನಿವಾರಣೆಯಾಗುವುದಿಲ್ಲ.

ಅರೋರಾ ಪ್ರಯೋಗ

ಅಮೆರಿಕದ ಇಡಾಹೊ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 2007ರ ಮಾರ್ಚ್ ತಿಂಗಳಲ್ಲಿ ನಡೆದ ಪರೀಕ್ಷೆಯು ಎರಡನೆಯ ಬಗೆಯ ಕೊರತೆಗೆ ಪ್ರಸಿದ್ಧ ನಿದರ್ಶನ. 2.25 ಮೆಗಾವ್ಯಾಟ್ ಸಾಮರ್ಥ್ಯದ ಡೀಸೆಲ್ ಜನರೇಟರನ್ನು ಜಾಲಕ್ಕೆ ಜೋಡಿಸಿ, ಅದರ ಬ್ರೇಕರನ್ನು ತೆರೆದು ಜನರೇಟರಿನ ಲಯ ಜಾಲದ ಲಯದಿಂದ ತಪ್ಪಿದ ಕ್ಷಣದಲ್ಲಿ ಮತ್ತೆ ಮುಚ್ಚುವಂತೆ ಮಾಡಲಾಯಿತು. ಇದನ್ನು ಕೆಲವು ಬಾರಿ ಪುನರಾವರ್ತಿಸಿದಾಗ ಹೊಡೆತ ತಾಳಲಾರದೆ ಯಂತ್ರವು ಹೊಗೆಯುಗುಳಿ ನಾಶವಾಯಿತು. ತಂತ್ರಾಂಶದ ಆದೇಶಗಳಿಂದ ಮಾತ್ರವೇ ಭಾರೀ ಯಂತ್ರವನ್ನು ಕೆಡಿಸಬಹುದೆಂಬುದು ಇದರಿಂದ ಸಿದ್ಧವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇದರ ದೃಶ್ಯಾವಳಿ ದೂರದರ್ಶನ ವಾಹಿನಿಯಲ್ಲಿ ಪ್ರಸಾರವಾಯಿತು.

ಡಿಎನ್‌ಪಿ3 ಪರೀಕ್ಷೆಗಳು

2013ರಲ್ಲಿ ಆಡಂ ಕ್ರೇನ್ ಮತ್ತು ಕ್ರಿಸ್ ಸಿಸ್ಟ್ರಂಕ್ ಎಂಬ ಅಮೆರಿಕನ್ ತಂತ್ರಜ್ಞರು ಡಿಎನ್‌ಪಿ3 ಬಳಸುವ ಹಲವು ತಯಾರಕರ ತಂತ್ರಾಂಶಗಳಿಗೆ ಬೇಕೆಂದೇ ವಿಕೃತಗೊಳಿಸಿದ ಸಂದೇಶಗಳನ್ನು ಕಳುಹಿಸಿ ಪರೀಕ್ಷಿಸಿದರು. ಅನೇಕ ತಂತ್ರಾಂಶಗಳು ಇಂತಹ ಸಂದೇಶವನ್ನು ಅರ್ಥೈಸಲಾಗದೆ ಕುಸಿದುಬಿದ್ದವು ಅಥವಾ ಕೊನೆಯಿಲ್ಲದ ಆವರ್ತನೆಯಲ್ಲಿ ಸಿಲುಕಿದವು. ಇಲ್ಲಿ ಗಮನಾರ್ಹವಾದುದು ಸಂದೇಶ ಹೋಗುವ ದಿಕ್ಕು. ಕೇಂದ್ರದಿಂದ ಉಪಕೇಂದ್ರಕ್ಕೆ ಮಾತ್ರವಲ್ಲದೆ, ಉಪಕೇಂದ್ರದಿಂದ ಬಂದ ವಿಕೃತ ಉತ್ತರದಿಂದಲೂ ನಿಯಂತ್ರಣ ಕೇಂದ್ರದ ತಂತ್ರಾಂಶ ನಿಂತುಹೋಗಬಲ್ಲದಾಗಿತ್ತು. ಅಂದರೆ ಕಾವಲಿಲ್ಲದ ಒಂದು ಸಣ್ಣ ಉಪಕೇಂದ್ರದ ಸಂಪರ್ಕ ತಂತಿಯ ಮೂಲಕ ಇಡೀ ಪ್ರದೇಶದ ಮೇಲ್ವಿಚಾರಣೆಗೆ ಧಕ್ಕೆ ತರಬಹುದಾಗಿತ್ತು.

ಉಕ್ರೇನಿನ ಪ್ರಕರಣಗಳು

2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿತರಣಾ ಕಂಪನಿಗಳ ಮೇಲೆ ಏಕಕಾಲದಲ್ಲಿ ದಾಳಿ ನಡೆದು ಸುಮಾರು 2,25,000 ಗ್ರಾಹಕರಿಗೆ ವಿದ್ಯುತ್ ಕಡಿತವಾಯಿತು. ದಾಳಿಕೋರರು ತಿಂಗಳುಗಳ ಮೊದಲೇ ಇಮೇಲ್ ಲಗತ್ತುಗಳ ಮೂಲಕ ಬ್ಲ್ಯಾಕ್‌ಎನರ್ಜಿ ಎಂಬ ಕುತಂತ್ರಾಂಶವನ್ನು ಕಚೇರಿ ಗಣಕಗಳಿಗೆ ಸೇರಿಸಿ, ಸಿಬ್ಬಂದಿಯ ಗುಪ್ತಪದಗಳನ್ನು ಕದ್ದಿದ್ದರು. ದಾಳಿಯ ದಿನ ನಿರ್ವಾಹಕರ ಕಣ್ಣೆದುರಿಗೇ ಪರದೆಯ ಮೇಲೆ ಮೌಸ್ ಸೂಚಕವು ತಾನಾಗಿ ಚಲಿಸಿ ಒಂದೊಂದೇ ಬ್ರೇಕರನ್ನು ತೆರೆಯುತ್ತಾ ಹೋಯಿತು. ಉಪಕೇಂದ್ರಗಳಲ್ಲಿ ಸಂಪರ್ಕಕ್ಕೆ ಬಳಸುತ್ತಿದ್ದ ಪರಿವರ್ತಕ ಸಾಧನಗಳ ಒಳ ತಂತ್ರಾಂಶವನ್ನು ಅಳಿಸಿ ಅವು ಮತ್ತೆ ಬಳಕೆಗೆ ಬಾರದಂತೆ ಮಾಡಲಾಯಿತು. ಗ್ರಾಹಕರು ದೂರು ನೀಡಲಾಗದಂತೆ ದೂರವಾಣಿ ಕೇಂದ್ರಕ್ಕೆ ಸುಳ್ಳು ಕರೆಗಳ ಮಳೆ ಸುರಿಸಲಾಯಿತು. ಸಿಬ್ಬಂದಿಯು ಉಪಕೇಂದ್ರಗಳಿಗೆ ತೆರಳಿ ಬ್ರೇಕರ್‌ಗಳನ್ನು ಕೈಯಿಂದಲೇ ಮುಚ್ಚಿ ಕೆಲವೇ ಗಂಟೆಗಳಲ್ಲಿ ಪೂರೈಕೆಯನ್ನು ಮರಳಿ ತಂದರು.

2016ರ ಡಿಸೆಂಬರ್ 17ರ ರಾತ್ರಿ ರಾಜಧಾನಿ ಕೀವ್ ಬಳಿಯ 330 ಕಿಲೋವೋಲ್ಟ್ ಉಪಕೇಂದ್ರವೊಂದು ಸ್ಥಗಿತಗೊಂಡು ನಗರದ ಒಂದು ಭಾಗ ಸುಮಾರು ಒಂದು ಗಂಟೆ ಕತ್ತಲಲ್ಲಿ ಮುಳುಗಿತು. ಇದಕ್ಕೆ ಕಾರಣವಾದ ಕುತಂತ್ರಾಂಶವನ್ನು ಸ್ಲೊವಾಕಿಯಾದ ಇಸೆಟ್ ಸಂಸ್ಥೆ 2017ರ ಜೂನ್‌ನಲ್ಲಿ ಇಂಡಸ್ಟ್ರಾಯರ್ ಎಂದು ಹೆಸರಿಸಿತು. ಮೊದಲ ದಾಳಿಯಲ್ಲಿ ಮನುಷ್ಯರು ಮಾಡಿದ ಕೆಲಸವನ್ನು ಇಲ್ಲಿ ತಂತ್ರಾಂಶವೇ ಮಾಡಿತು: ಐಇಸಿ 104 ಸೇರಿದಂತೆ ನಾಲ್ಕು ಪ್ರೋಟೊಕಾಲ್‌ಗಳಲ್ಲಿ ನೇರವಾಗಿ ಆದೇಶ ನೀಡುವ ಸಾಮರ್ಥ್ಯ ಅದಕ್ಕಿತ್ತು.

ಇಂಡಸ್ಟ್ರಾಯರ್‌ನ ಒಂದು ಭಾಗವು ಸೀಮೆನ್ಸ್ ಕಂಪನಿಯ ಸಿಪ್ರೋಟೆಕ್ ರಕ್ಷಣಾ ರಿಲೇಗಳ ದೋಷವನ್ನು ಗುರಿಯಾಗಿಸಿತ್ತು. ಸಿವಿಇ-2015-5374 ಎಂಬ ಸಂಖ್ಯೆಯಿಂದ ಗುರುತಿಸಲಾದ ಈ ದೋಷದಿಂದಾಗಿ, ವಿಶೇಷವಾಗಿ ರಚಿಸಿದ ಪುಟ್ಟ ಸಂದೇಶವೊಂದು ತಲುಪಿದರೆ ರಿಲೇ ಸ್ತಬ್ಧವಾಗಿ, ಯಾರಾದರೂ ಕೈಯಿಂದ ಮರುಚಾಲನೆ ಮಾಡುವವರೆಗೆ ಸ್ಪಂದಿಸುತ್ತಿರಲಿಲ್ಲ. ತಯಾರಕರು 2015ರಲ್ಲಿಯೇ ಇದಕ್ಕೆ ತಿದ್ದುಪಡಿ ಬಿಡುಗಡೆ ಮಾಡಿದ್ದರು. ದಾಳಿಕೋರರ ಸಂಕೇತದಲ್ಲಿ ವಿಳಾಸಗಳು ತಪ್ಪಾಗಿ ನಮೂದಾಗಿದ್ದುದರಿಂದ ಈ ಭಾಗವು ಕೆಲಸ ಮಾಡಲಿಲ್ಲವೆಂದು ಡ್ರೇಗೋಸ್ ಸಂಸ್ಥೆಯ 2019ರ ವಿಶ್ಲೇಷಣೆ ತಿಳಿಸಿತು. ರಿಲೇಗಳು ನಿಷ್ಕ್ರಿಯವಾಗಿರುವಾಗ ಸಿಬ್ಬಂದಿ ಅವಸರದಿಂದ ಪೂರೈಕೆ ಮರುಸ್ಥಾಪಿಸಿದರೆ ಉಪಕರಣಗಳಿಗೆ ರಕ್ಷಣೆಯಿಲ್ಲದೆ ಶಾಶ್ವತ ಹಾನಿಯಾಗಬಹುದಿತ್ತು ಎಂಬುದು ಆ ವಿಶ್ಲೇಷಣೆಯ ಅಭಿಪ್ರಾಯ.

2020ರ ಅಕ್ಟೋಬರಿನಲ್ಲಿ ಅಮೆರಿಕವು ಈ ದಾಳಿಗಳೂ ಸೇರಿದಂತೆ ಹಲವು ಕೃತ್ಯಗಳಿಗಾಗಿ ರಷ್ಯಾದ ಸೇನಾ ಗುಪ್ತಚರ ಸಂಸ್ಥೆಯ ಆರು ಅಧಿಕಾರಿಗಳ ಮೇಲೆ ಆರೋಪ ಹೊರಿಸಿತು. 2022ರ ಏಪ್ರಿಲ್‌ನಲ್ಲಿ ಇಂಡಸ್ಟ್ರಾಯರ್‌ನ ಹೊಸ ರೂಪವನ್ನು ಬಳಸಿ ನಡೆಸಲು ಯತ್ನಿಸಿದ ದಾಳಿಯನ್ನು ಉಕ್ರೇನ್ ತಡೆಯಿತು.

ತಿದ್ದುಪಡಿಯ ತೊಡಕುಗಳು

ಮೊಬೈಲ್ ಫೋನಿನ ತಂತ್ರಾಂಶವನ್ನು ನವೀಕರಿಸಿದಷ್ಟು ಸುಲಭವಾಗಿ ಉಪಕೇಂದ್ರದ ರಿಲೇಯನ್ನು ನವೀಕರಿಸಲು ಬರುವುದಿಲ್ಲ. ಇದಕ್ಕೆ ಮುಖ್ಯ ಕಾರಣಗಳು ಹೀಗಿವೆ:

• ಉಪಕರಣಗಳ ಸೇವಾವಧಿ ದಶಕಗಳಷ್ಟು ದೀರ್ಘ. ಅಷ್ಟರಲ್ಲಿ ತಯಾರಕರ ಬೆಂಬಲ ನಿಂತುಹೋಗಿರಬಹುದು.
• ನವೀಕರಣಕ್ಕಾಗಿ ಮಾರ್ಗವನ್ನು ಸ್ಥಗಿತಗೊಳಿಸಬೇಕಾಗಬಹುದು. ಇದಕ್ಕೆ ಮೊದಲೇ ಅನುಮತಿ ಬೇಕು.
• ಹೊಸ ತಂತ್ರಾಂಶವು ರಕ್ಷಣಾ ಕಾರ್ಯಕ್ಕೆ ಅಡ್ಡಿ ತರುವುದಿಲ್ಲವೆಂದು ಪರೀಕ್ಷಿಸಿ ದೃಢಪಡಿಸಿಕೊಳ್ಳಬೇಕು.
• ಉಪಕೇಂದ್ರಗಳು ವಿಶಾಲ ಪ್ರದೇಶದಲ್ಲಿ ಹರಡಿಕೊಂಡಿರುತ್ತವೆ.

ಹೀಗಾಗಿ ತಿದ್ದುಪಡಿ ಲಭ್ಯವಾದ ನಂತರವೂ ದೋಷವು ವರ್ಷಗಟ್ಟಲೆ ಜಾಲದಲ್ಲಿ ಉಳಿದಿರಬಹುದು.

ರಕ್ಷಣಾ ಕ್ರಮಗಳು

ಕಚೇರಿ ಜಾಲವನ್ನು ನಿಯಂತ್ರಣ ಜಾಲದಿಂದ ಬೇರ್ಪಡಿಸುವುದು, ದೂರದಿಂದ ಪ್ರವೇಶಿಸುವವರಿಗೆ ಎರಡು ಹಂತದ ದೃಢೀಕರಣ ವಿಧಿಸುವುದು, ಅಸಹಜ ಆದೇಶಗಳ ಮೇಲೆ ನಿಗಾ ಇಡುವುದು ಮತ್ತು ಉಪಕೇಂದ್ರಗಳಿಗೆ ಭೌತಿಕ ಕಾವಲು ಒದಗಿಸುವುದು ಪ್ರಮುಖ ಕ್ರಮಗಳು. ಡಿಎನ್‌ಪಿ3ಗೆ ಸುರಕ್ಷಿತ ದೃಢೀಕರಣದ ವಿಧಾನವನ್ನು ನಂತರ ಸೇರಿಸಲಾಯಿತು. ವಿದ್ಯುತ್ ವಲಯದ ಸಂವಹನ ಭದ್ರತೆಗಾಗಿ ಐಇಸಿ 62351 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಇವೆಲ್ಲದರ ಜೊತೆಗೆ, ಗಣಕ ವ್ಯವಸ್ಥೆ ಕೈಕೊಟ್ಟಾಗ ಉಪಕೇಂದ್ರವನ್ನು ಕೈಯಿಂದ ನಡೆಸಬಲ್ಲ ತರಬೇತಾದ ಸಿಬ್ಬಂದಿಯನ್ನು ಉಳಿಸಿಕೊಳ್ಳುವುದು ಅಗತ್ಯವೆಂಬುದು 2015ರ ಘಟನೆಯಿಂದ ದೊರೆತ ಪಾಠ. ಸ್ವಯಂಚಾಲನೆ ಪೂರ್ಣವಾಗಿ, ಇಂತಹ ಸಿಬ್ಬಂದಿ ಇಲ್ಲವಾದಲ್ಲಿ ಚೇತರಿಕೆ ನಿಧಾನವಾಗುತ್ತದೆ.

ಭಾರತದಲ್ಲಿ

ಭಾರತದ ವಿದ್ಯುತ್ ಜಾಲವನ್ನು ರಾಷ್ಟ್ರೀಯ, ಪ್ರಾದೇಶಿಕ ಹಾಗೂ ರಾಜ್ಯ ಮಟ್ಟದ ಲೋಡ್ ಡಿಸ್ಪ್ಯಾಚ್ ಕೇಂದ್ರಗಳು ನಿರ್ವಹಿಸುತ್ತವೆ. ದಕ್ಷಿಣ ರಾಜ್ಯಗಳ ಪ್ರಾದೇಶಿಕ ಕೇಂದ್ರವು ಬೆಂಗಳೂರಿನಲ್ಲಿದೆ. 2019ರ ಅಕ್ಟೋಬರಿನಲ್ಲಿ ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ಆಡಳಿತ ಜಾಲದ ಗಣಕವೊಂದರಲ್ಲಿ ಕುತಂತ್ರಾಂಶ ಪತ್ತೆಯಾಗಿದ್ದನ್ನು ಭಾರತೀಯ ಅಣುವಿದ್ಯುತ್ ನಿಗಮವು ಒಪ್ಪಿಕೊಂಡು, ಸ್ಥಾವರದ ನಿಯಂತ್ರಣ ವ್ಯವಸ್ಥೆ ಪ್ರತ್ಯೇಕವಾಗಿದ್ದು ಬಾಧಿತವಾಗಿಲ್ಲವೆಂದು ತಿಳಿಸಿತು. 2020ರ ಅಕ್ಟೋಬರ್ 12ರಂದು ಮುಂಬಯಿಯಲ್ಲಿ ಉಂಟಾದ ವಿದ್ಯುತ್ ವ್ಯತ್ಯಯದ ಹಿಂದೆ ಸೈಬರ್ ಕೃತ್ಯದ ಶಂಕೆಯನ್ನು ಮಹಾರಾಷ್ಟ್ರ ಸರ್ಕಾರ ವ್ಯಕ್ತಪಡಿಸಿತು. ಕೇಂದ್ರ ಇಂಧನ ಸಚಿವರು ಅದಕ್ಕೆ ಮಾನವ ದೋಷವೇ ಕಾರಣವೆಂದರು. ಕೇಂದ್ರೀಯ ವಿದ್ಯುತ್ ಪ್ರಾಧಿಕಾರವು 2021ರ ಅಕ್ಟೋಬರಿನಲ್ಲಿ ವಿದ್ಯುತ್ ವಲಯದ ಸೈಬರ್ ಭದ್ರತೆಗೆ ಮಾರ್ಗಸೂಚಿಗಳನ್ನು ಹೊರಡಿಸಿತು.